ಇಂಜಿನ್ ಎಂದರೆ ಸಂದುಗಳ ಲೆಕ್ಕ

"ಬೋರ್‌ಗೆ ಬಂದಿದೆ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಹತ್ತು ವರ್ಷದವನಿದ್ದಾಗ. ನಮ್ಮ ಬೀದಿಯ ತುದಿಯ ಗ್ಯಾರೇಜಿಗೆ ಒಂದು ಅಂಬಾಸಿಡರ್ ಟ್ಯಾಕ್ಸಿ ನೀಲಿ ಹೊಗೆ ಬಿಡುತ್ತಾ ಬಂತು. ಮೇಸ್ತ್ರಿ ಸೈಲೆನ್ಸರ್ ಹತ್ತಿರ ಕೈ ಹಿಡಿದು ನೋಡಿ ಆ ಮಾತು ಹೇಳಿದರು. ಸಿಲಿಂಡರ್ ಸವೆದಿದೆ, ಅದನ್ನು ಅಗಲವಾಗಿ ಕೊರೆಸಬೇಕು ಎಂದು ಅದರ ಅರ್ಥ. ಸಂಜೆಯ ಹೊತ್ತಿಗೆ ಮೂರು ಕಂಬ ಕಟ್ಟಿ ಚೈನ್ ಬ್ಲಾಕ್ ಹಾಕಿ ಇಂಜಿನ್ ಇಳಿಸಿಯಾಗಿತ್ತು. ಅದರ ಒಡಲೆಲ್ಲ ಗೋಣಿಚೀಲದ ಮೇಲೆ ಹರಡಿಕೊಂಡಿತ್ತು. ಸ್ಪ್ಯಾನರ್ ತಿರುಗಿಸುವುದೇ ಇಂಜಿನ್ ಕೆಲಸ ಎಂದು ನಾನು ಅಂದುಕೊಂಡೆ. ಆ ತಪ್ಪು ತಿಳಿವಳಿಕೆ ಬಹಳ ವರ್ಷ ಹಾಗೇ ಉಳಿಯಿತು.

ಆ ಅಂಬಾಸಿಡರ್ ಇಂಜಿನ್‌ಗೆ ಸ್ಪೋರ್ಟ್ಸ್ ಕಾರಿನ ನೆಂಟಸ್ತಿಕೆ ಇತ್ತು ಎಂಬುದು ಗೊತ್ತಾಗಿದ್ದು ಆಮೇಲೆ. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಮನೆತನದ್ದು. ಅದೇ 1489 ಸಿಸಿ ಇಂಜಿನ್ 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಎರಡು ಕಾರ್ಬುರೇಟರ್, ಇಲ್ಲಿ ಒಂದು. 1962ರಲ್ಲಿ ಅದರ ತಮ್ಮ ಎಂಜಿಬಿ ಬಂತು. ಸಿಲಿಂಡರ್, ಅಂದರೆ ಪಿಸ್ಟನ್ ಓಡಾಡುವ ದುಂಡು ತೂತು, ಅಗಲವಾಗಿ 80.26 ಮಿ.ಮೀ. ಆಯಿತು, ಇಂಜಿನ್ 1798 ಸಿಸಿಗೆ ಬೆಳೆಯಿತು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಮಾತ್ರ ಮೂರರಲ್ಲೂ ಒಂದೇ, 88.9 ಮಿ.ಮೀ., ಅಂದರೆ ಸರಿಯಾಗಿ ಮೂರೂವರೆ ಇಂಚು. ನಮ್ಮ ಟ್ಯಾಕ್ಸಿ ಮೇಸ್ತ್ರಿಯನ್ನು ಎಂಜಿಬಿ ಮುಂದೆ ನಿಲ್ಲಿಸಿದ್ದರೆ ಅವರಿಗೆ ಅಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಗೆಳೆಯನೊಬ್ಬನ ಜೊತೆ ಸೇರಿ ಅವನ 1970ರ ಎಂಜಿಬಿಯ ಇಂಜಿನ್ ಬಿಚ್ಚಿ ಮತ್ತೆ ಜೋಡಿಸಿದೆ. ಒಂದೇ ಕಾರು ಹಿಡಿಯುವ ಗ್ಯಾರೇಜು, ಶನಿವಾರ ಭಾನುವಾರಗಳು, ತುಂಬಾ ಟೀ. ಮನೆಯಲ್ಲಿ ಇಂಜಿನ್ ರೀಬಿಲ್ಡ್ ಮಾಡುವುದು ಅಂದರೆ ಏನು ಎಂದು ಈ ಒಂದು ಕಾರನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಇಂಜಿನ್ ಕಡಿಮೆ. 1980ರವರೆಗೆ ಆಬಿಂಗ್ಡನ್ ಊರಿನ ಫ್ಯಾಕ್ಟರಿಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಹೊರಬಂದವು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸಿಲಿಂಡರ್‌ಗಳಿರುವ ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್, ಎರಡೂ ಎರಕದ ಕಬ್ಬಿಣ. ಈಗ ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಗಾಡಿಗಳಿಗೂ ಇದಕ್ಕೂ ಹೆಸರು, ಲಾಂಛನ ಬಿಟ್ಟರೆ ಬೇರೆ ನಂಟಿಲ್ಲ ಅನ್ನಿ.

ಮುಟ್ಟದೆ ತಿರುಗುವ ಕಬ್ಬಿಣ

ಮೊದಲು ಒಂದು ವಿಷಯ ತಲೆಗೆ ಹತ್ತಬೇಕು. ಅದು ಹತ್ತಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚೆನ್ನಾಗಿರುವ ಇಂಜಿನ್‌ ಓಡುವಾಗ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ತನ್ನನ್ನು ಹೊತ್ತ ಬೇರಿಂಗನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಒಂದು ಸಂದು ಇರುತ್ತದೆ, ಆ ಸಂದಿನಲ್ಲಿ ಆಯಿಲ್ ಇರುತ್ತದೆ.

ಈ ಇಂಜಿನ್‌ನಲ್ಲಿ ಆ ಸಂದು ಇಂಚಿನ ಸಾವಿರದ ಒಂದು ಭಾಗದಿಂದ 2.7 ಭಾಗದವರೆಗೆ ಇರಬಹುದು. ಮಿಲಿಮೀಟರ್‌ನಲ್ಲಿ ಹೇಳಿದರೆ 0.025ರಿಂದ 0.068. ನಾವು ಬರೆಯುವ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಅಂದರೆ ಸಂದು ಎಷ್ಟೇ ಹೆಚ್ಚಿದ್ದರೂ ಒಂದು ಹಾಳೆ ತೂರುವುದಿಲ್ಲ. ಅಷ್ಟು ಜಾಗದಲ್ಲಿ ಕ್ರ್ಯಾಂಕ್ ತಿರುಗುವಾಗ ಆಯಿಲನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಎಳೆದ ಆಯಿಲ್ ಕಿರಿದಾಗುವ ಕಡೆ ನುಗ್ಗಿ ಬೆಣೆಯ ಹಾಗೆ ಕ್ರ್ಯಾಂಕನ್ನು ಎತ್ತಿ ಹಿಡಿಯುತ್ತದೆ. ಮಳೆಯಲ್ಲಿ ಜೋರಾಗಿ ಹೋಗುವ ಕಾರಿನ ಟೈರು ನೀರಿನ ಮೇಲೆ ಜಾರುತ್ತದಲ್ಲ, ಅದೇ ಆಟ. ರಸ್ತೆಯಲ್ಲಿ ಅದು ಅಪಾಯ, ಇಲ್ಲಿ ಅದೇ ಬೇಕು. ಪಂಪ್ ಮಾಡುವುದು ಆಯಿಲ್ ತಂದು ಸುರಿಯುವ ಕೆಲಸ ಮಾತ್ರ. ಭಾರ ಹೊರುವುದು ಆ ಬೆಣೆ.

ಸಂದು ಜಾಸ್ತಿಯಾದರೆ ಆಯಿಲ್ ಪಕ್ಕದಿಂದ ಹರಿದು ಹೋಗುತ್ತದೆ, ಒತ್ತಡ ಬೀಳುತ್ತದೆ, ಲೋಹ ಲೋಹಕ್ಕೆ ಬಡಿಯುತ್ತದೆ. ಕಡಿಮೆಯಾದರೆ ಆಯಿಲ್‌ಗೆ ಒಳಗೆ ಜಾಗವೇ ಇಲ್ಲ, ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಪಿಸ್ಟನ್‌ಗೂ ಸಿಲಿಂಡರ್‌ಗೂ ಒಂದು ಸಂದು, ಪಿಸ್ಟನ್ ಸುತ್ತ ಕೂರುವ ರಿಂಗಿನ ಎರಡು ತುದಿಗಳ ನಡುವೆ ಒಂದು, ಗ್ಯಾಸನ್ನು ಒಳಬಿಟ್ಟು ಹೊರಬಿಡುವ ವಾಲ್ವ್ ಮೇಲೆ ಒಂದು. ಇಂಜಿನ್ ಸವೆಯಿತು ಅಂದರೆ ಈ ಸಂದುಗಳು ಬದಲಾದವು ಎಂದು ಅರ್ಥ. ರೀಬಿಲ್ಡ್ ಮಾಡುವುದು ಅಂದರೆ ಅವನ್ನು ಮತ್ತೆ ಮೊದಲಿನ ಲೆಕ್ಕಕ್ಕೆ ತರುವುದು. ಸ್ಪ್ಯಾನರ್ ಕೆಲಸ ಈ ಅಳತೆಗಳ ನಡುವೆ ಬರುವ ದಾರಿ ಅಷ್ಟೇ.

ಬಿಚ್ಚುವ ಮೊದಲು

ಹೊಗೆ ಬಂದ ತಕ್ಷಣ ಇಂಜಿನ್ ಇಳಿಸಲು ಹೋಗಬೇಡಿ. ಮೊದಲು ಕಂಪ್ರೆಷನ್ ನೋಡಿ, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಡುತ್ತದೆ ಎಂದು. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದೇ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಹೈ ಕಂಪ್ರೆಷನ್ ಎಂಜಿಬಿ ಇಂಜಿನ್ ಚೆನ್ನಾಗಿದ್ದರೆ ಒಂದೊಂದು ಸಿಲಿಂಡರ್‌ನಲ್ಲೂ 160 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ) ಆಸುಪಾಸು ತೋರಿಸುತ್ತದೆ. ಆ ಸಂಖ್ಯೆಗಿಂತ ನಾಲ್ಕರ ನಡುವಿನ ವ್ಯತ್ಯಾಸವೇ ಮುಖ್ಯ. ಮೂರು 150, ಒಂದು 95 ಅಂತ ಬಂದರೆ ಆ ಒಂದರಲ್ಲಿ ಏನೋ ಇದೆ.

ಆಗ ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್ ಗೋಡೆ) ಸವೆದಿದೆ. ಆಯಿಲ್ ಸುತ್ತ ಕೂತು ಸಂದನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಏರದಿದ್ದರೆ ತೊಂದರೆ ಮೇಲಿದೆ, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ತೆಳು ಹಾಳೆ). ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಹೆಡ್ ಮಾತ್ರ ಬಿಚ್ಚಿದರೆ ಮುಗಿಯುವ ಕೆಲಸಕ್ಕೆ ಇಡೀ ಇಂಜಿನ್ ಇಳಿಸುವುದು ಯಾರಿಗೆ ಬೇಕು?

ಇಂಜಿನ್ ಕೆಳಭಾಗದ ಕಥೆಯನ್ನು ಆಯಿಲ್ ಪ್ರೆಶರ್ ಗೇಜ್ ಹೇಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಓಡುವಾಗ 50ರಿಂದ 80 ಪಿಎಸ್‌ಐ, ಸುಮ್ನೆ ನಿಂತು ಓಡುವಾಗ 10ರಿಂದ 25 ಇರಬೇಕು. ಗೆಳೆಯನ ಕಾರಿನಲ್ಲಿ ಬಿಸಿಯಾದ ಮೇಲೆ ಓಡುವಾಗಲೇ 30 ದಾಟುತ್ತಿರಲಿಲ್ಲ. ಜೊತೆಗೆ ಕೆಳಗಿನಿಂದ ಮಂದವಾದ ಒಂದು ಬಡಿತ. ಇಳಿಸಲೇಬೇಕಾಯಿತು.

ಇಳಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ತೆಗೆಯಿರಿ, ಬಾನೆಟ್ ತೆಗೆಯಿರಿ, ನೀರು ಆಯಿಲ್ ಖಾಲಿ ಮಾಡಿ. ಗೇರ್‌ಬಾಕ್ಸ್ ಬಿಟ್ಟು ಇಂಜಿನ್ ಒಂದೇ ಸುಮಾರು 160 ಕೆಜಿ ಇದೆ. ಹಾಗಾಗಿ ಕ್ರೇನ್ ಬಾಡಿಗೆಗೆ ತನ್ನಿ, ನೇತಾಡುವ ಇಂಜಿನ್ ಕೆಳಗೆ ಕೈ ಕಾಲು ಇಡಬೇಡಿ. ಸ್ಪ್ಯಾನರ್‌ಗಳು ಇಂಚಿನವು ಬೇಕು. 1/2, 9/16 ಇವೆರಡೇ ಅರ್ಧ ಕೆಲಸ ಮುಗಿಸುತ್ತವೆ. ಮಿ.ಮೀ. ಸ್ಪ್ಯಾನರ್ ಹಾಕಿ ಬೋಲ್ಟಿನ ತಲೆ ಉರುಟು ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಯಾವುದು ಎಲ್ಲಿತ್ತು

ಬಿಚ್ಚುವಾಗ ಒಂದೇ ಒಂದು ಶಿಸ್ತು ಬೇಕು. ಯಾವ ಭಾಗ ಎಲ್ಲಿಂದ ಬಂತೋ ಅದರ ಗುರುತು ಇರಬೇಕು. ಎಂಟು ಪುಷ್‌ರಾಡ್, ಎಂಟು ಟ್ಯಾಪೆಟ್, ಎಂಟು ವಾಲ್ವ್. ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳಿರುವ ದಂಡ ಟ್ಯಾಪೆಟ್ಟನ್ನು ಎತ್ತುತ್ತದೆ, ಅದು ಪುಷ್‌ರಾಡನ್ನು, ಪುಷ್‌ರಾಡ್ ರಾಕರ್ ಎಂಬ ಸನ್ನೆಯನ್ನು, ರಾಕರ್ ವಾಲ್ವನ್ನು ಒತ್ತುತ್ತದೆ. ಒಂದೊಂದು ಬಗೆಯಲ್ಲೂ ಎಂಟೂ ನೋಡಲು ಒಂದೇ ಥರ. ಆದರೆ ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಒಂದು ಜೋಡಿಯಾಗಿರುತ್ತವೆ, ಹಳೆ ಚಪ್ಪಲಿ ಯಜಮಾನನ ಕಾಲಿಗೆ ಹೊಂದಿಕೊಂಡ ಹಾಗೆ. ಅದಲುಬದಲಾದರೆ ಬೇಗ ಸವೆಯುತ್ತವೆ. ನಾವು ಮೊಟ್ಟೆಯ ಟ್ರೇ ತಂದು ಒಂದರಿಂದ ಎಂಟು ಅಂತ ಬರೆದೆವು. ಅದಕ್ಕಿಂತ ಒಳ್ಳೆಯ ಉಪಕರಣ ಇನ್ನೂ ನೋಡಿಲ್ಲ.

ಕನೆಕ್ಟಿಂಗ್ ರಾಡ್ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುತ್ತದೆ. ಅದರ ಬುಡವನ್ನು ಕ್ರ್ಯಾಂಕಿನ ಸುತ್ತ ಮುಚ್ಚುವ ಅರ್ಧವೃತ್ತದ ಕ್ಯಾಪ್‌ಗಳ ವಿಷಯ ಇನ್ನೂ ಗಂಭೀರ. ರಾಡ್ ಮತ್ತು ಅದರ ಕ್ಯಾಪನ್ನು ಒಟ್ಟಿಗೆ ಬೋಲ್ಟ್ ಮಾಡಿ ತೂತನ್ನು ಕೊರೆದಿರುತ್ತಾರೆ. ಒಂದನೇ ರಾಡಿಗೆ ಮೂರನೇ ಕ್ಯಾಪ್ ಹಾಕಿದರೆ, ಅಥವಾ ಅದರದ್ದೇ ಕ್ಯಾಪನ್ನು ತಿರುಗಾಮುರುಗಾ ಹಾಕಿದರೆ, ಆ ತೂತು ದುಂಡಗೆ ಇರುವುದಿಲ್ಲ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಮೇನ್ ಬೇರಿಂಗ್ ಕ್ಯಾಪ್‌ಗಳಿಗೂ ಇದೇ ಮಾತು.

ಬಿಚ್ಚಿದ ಭಾಗಗಳನ್ನು ತೊಳೆಯುವ ಅವಸರ ಬೇಡ. ಮೊದಲು ಓದಬೇಕು. ಬೇರಿಂಗ್ ಶೆಲ್ (ಬೇರಿಂಗಿನೊಳಗೆ ಕೂರುವ ತೆಳು ಅರ್ಧ ಕೊಳವೆ) ಮಬ್ಬು ಬೂದು ಬಣ್ಣ ಇದ್ದರೆ ಸಾಮಾನ್ಯ ಸವೆತ. ಮೇಲಿನ ಪದರ ಹೋಗಿ ತಾಮ್ರದ ಬಣ್ಣ ಕಂಡರೆ ಅದರ ಆಯಸ್ಸು ಮುಗಿದಿದೆ. ಗೆರೆ ಗೆರೆ ಬಿದ್ದಿದ್ದರೆ ಆಯಿಲ್‌ನಲ್ಲಿ ಕಸ ಓಡಾಡಿದೆ. ನಮ್ಮ ಇಂಜಿನ್‌ನಲ್ಲಿ ಮೂರನೇ ರಾಡಿನ ಶೆಲ್ ಪೂರ್ತಿ ತಾಮ್ರವಾಗಿತ್ತು. ಬಡಿತದ ವಿಳಾಸ ಸಿಕ್ಕಿತು. ಸಿಲಿಂಡರ್ ಒಳಗೆ ಮೇಲ್ತುದಿಯಲ್ಲಿ ಉಗುರು ಸವರಿ ನೋಡಿ. ಒಂದು ಮೆಟ್ಟಿಲು ಸಿಗುತ್ತದೆ. ರಿಂಗ್ ಅಲ್ಲಿಯವರೆಗೆ ಬಂದು ವಾಪಸ್ ಹೋಗುತ್ತದೆ, ಅದರಿಂದ ಮೇಲೆ ಸವೆತವಿಲ್ಲ. ಉಗುರಿಗೆ ಆ ಮೆಟ್ಟಿಲು ಜೋರಾಗಿ ತಡೆದರೆ ಮೇಸ್ತ್ರಿ ಹೇಳಿದ್ದ ಮಾತು ನಿಜ. ಬೋರ್‌ಗೆ ಬಂದಿದೆ.

ಆ ಜಾಗದಲ್ಲೇ ಸವೆತ ಯಾಕೆ ಜಾಸ್ತಿ? 5400 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 90 ಸುತ್ತು ಹಾಕುತ್ತದೆ. ಪಿಸ್ಟನ್ ಸೆಕೆಂಡಿಗೆ 180 ಸಲ ನಿಂತು ತಿರುಗುತ್ತದೆ. ನಡುವೆ ಅದರ ಸರಾಸರಿ ವೇಗ ಗಂಟೆಗೆ ಸುಮಾರು 58 ಕಿಲೋಮೀಟರ್. ವೇಗವಿದ್ದಾಗ ಆಯಿಲ್ ಪದರ ನಿಲ್ಲುತ್ತದೆ, ಮೇಲ್ತುದಿಯಲ್ಲಿ ಪಿಸ್ಟನ್ ನಿಂತ ಗಳಿಗೆಯಲ್ಲಿ ಪದರ ತುಂಡಾಗುತ್ತದೆ. ಪೆಟ್ರೋಲ್ ಉರಿದು ರಿಂಗನ್ನು ಗೋಡೆಗೆ ಒತ್ತುವುದೂ ಅದೇ ಹೊತ್ತಿಗೆ.

ಥೌ ಲೆಕ್ಕ

ಇನ್ನು ಅಸಲು ಕೆಲಸ. ಇಂಚಿನ ಸಾವಿರದ ಒಂದು ಭಾಗವನ್ನು ಗ್ಯಾರೇಜು, ಲೇತ್ ಅಂಗಡಿಗಳಲ್ಲಿ 'ಥೌ' ಅನ್ನುತ್ತಾರೆ. ಒಂದು ಥೌ ಅಂದರೆ 0.0254 ಮಿ.ಮೀ. ಮೈಕ್ರೋಮೀಟರ್ ಮತ್ತು ಸಿಲಿಂಡರ್ ಒಳ ಅಗಲ ಅಳೆಯುವ ಬೋರ್ ಗೇಜ್ ಕೊಳ್ಳಿ, ಇಲ್ಲವಾದರೆ ಎರವಲು ತನ್ನಿ. ಉಪಕರಣಕ್ಕೆ ದುಡ್ಡು ಹಾಕುವುದಿದ್ದರೆ ಮೊದಲು ಇವಕ್ಕೆ ಹಾಕಿ, ಮಿನುಗುವ ಸಾಕೆಟ್ ಸೆಟ್‌ಗೆ ಆಮೇಲೆ.

ಒಂದೇ ಕಡೆ ಅಳೆದರೆ ಸಾಲದು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಬೇಕು. ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಪಕ್ಕದ ಗೋಡೆಗಳಿಗೇ ಹೆಚ್ಚು ಒರಗುತ್ತದೆ. ಹಾಗಾಗಿ ದುಂಡಗಿದ್ದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಒಟ್ಟು ಸವೆತ ಎಂಟು ಥೌ ದಾಟಿದ್ದರೆ, ಅಂದರೆ 0.2 ಮಿ.ಮೀ., ಹೊಸ ರಿಂಗ್ ಹಾಕಿ ತೇಪೆ ಹಚ್ಚುವ ಯೋಚನೆ ಬಿಡಿ. ಬೋರ್ ಮಾಡಿಸಿ. ಕ್ರ್ಯಾಂಕಿನ ಜರ್ನಲ್‌ಗಳಿಗೂ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗಗಳು) ಇದೇ ಕ್ರಮ. ಈ ಇಂಜಿನ್‌ನಲ್ಲಿ ಬ್ಲಾಕಿನಲ್ಲಿ ಕೂರುವ ಮೇನ್ ಐದು, ಕನೆಕ್ಟಿಂಗ್ ರಾಡ್ ಕೂರುವ ಬಿಗ್ ಎಂಡ್ ನಾಲ್ಕು. 1964ಕ್ಕೆ ಮುಂಚಿನ ಎಂಜಿಬಿಯಲ್ಲಿ ಮೇನ್ ಮೂರೇ ಇದ್ದವು.

ಅಳೆಯುವಾಗ ಎಲ್ಲ ಭಾಗಗಳೂ ಒಂದೇ ಬಿಸಿಯಲ್ಲಿರಬೇಕು. 80 ಮಿ.ಮೀ.ನ ಅಲ್ಯೂಮಿನಿಯಂ ಪಿಸ್ಟನ್ 20 ಡಿಗ್ರಿ ಹೆಚ್ಚು ಬೆಚ್ಚಗಾದರೆ ಸುಮಾರು 0.035 ಮಿ.ಮೀ. ಹಿಗ್ಗುತ್ತದೆ. ಬಿಸಿಲಿಗೆ ಇಟ್ಟ ಪಿಸ್ಟನ್, ನೆರಳಲ್ಲಿ ಇದ್ದ ಬ್ಲಾಕ್. ಎರಡನ್ನೂ ಅಳೆದು ಕಳೆದರೆ ಬರುವ ಉತ್ತರ ಸುಳ್ಳು. ಹಿಂದಿನ ರಾತ್ರಿಯೇ ಎಲ್ಲವನ್ನೂ ಒಂದೇ ಕೋಣೆಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ.

ಅಳತೆ ಬಂದ ಮೇಲೆ ಮುಂದಿನ ದಾರಿ ಸೀದಾ. ಓವರ್‌ಸೈಜ್ ಪಿಸ್ಟನ್‌ಗಳು 20, 40, 60 ಥೌ ಹೆಚ್ಚು ದಪ್ಪ, ಹೀಗೆ ಸಿಗುತ್ತವೆ. ಸವೆತ ಪೂರ್ತಿ ಅಳಿಸಿ ಹೋಗುವಷ್ಟು, ಅದಕ್ಕಿಂತ ಒಂದಿಷ್ಟೂ ಜಾಸ್ತಿ ಬೇಡ ಅನ್ನುವ ಸೈಜನ್ನೇ ಆರಿಸಿ. ಇವತ್ತೇ 60ಕ್ಕೆ ಹೋದರೆ ಇಂಜಿನ್ 1868 ಸಿಸಿ ಆಗುತ್ತದೆ, ಹೇಳಿಕೊಳ್ಳಲು ಚೆಂದ. ಆದರೆ ಮುಂದಿನ ಸಲ ಕೊರೆಯಲು ಗೋಡೆ ಉಳಿದಿರಬೇಕಲ್ಲ. ಕ್ರ್ಯಾಂಕ್ ಇದಕ್ಕೆ ಉಲ್ಟಾ. ಅದನ್ನು 10, 20, 30, 40 ಥೌ ಸಣ್ಣದಾಗಿ ಗ್ರೈಂಡ್ ಮಾಡಿಸಿ, ಅಷ್ಟೇ ದಪ್ಪನೆಯ ಶೆಲ್ ಹಾಕಬೇಕು.

ಬೋರಿಂಗ್, ಗ್ರೈಂಡಿಂಗ್ ಎರಡೂ ಮನೆಯಲ್ಲಿ ಆಗುವ ಕೆಲಸವಲ್ಲ. ಮನೆಯಲ್ಲೇ ರೀಬಿಲ್ಡ್ ಮಾಡಿದೆ ಅನ್ನುವವರೆಲ್ಲರೂ ಬ್ಲಾಕನ್ನು ಮಷೀನ್ ಶಾಪಿಗೆ ಹೊತ್ತುಕೊಂಡು ಹೋಗಿಯೇ ಇರುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಕೈಯಲ್ಲಿ ಅಳತೆಯ ಚೀಟಿ ಇಟ್ಟುಕೊಂಡು ಹೋಗಿ. ಪಿಸ್ಟನ್ ಮೊದಲೇ ಕೊಂಡು ಅವರ ಕೈಗೆ ಕೊಡಿ. ಒಂದೇ ಸೈಜ್ ಅಂತ ಬರೆದಿದ್ದರೂ ಪಿಸ್ಟನ್‌ಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಒಂದೊಂದು ಸಿಲಿಂಡರನ್ನೂ ಅದರದೇ ಪಿಸ್ಟನ್‌ಗೆ ತಕ್ಕಂತೆ ಕೊರೆಯಬೇಕು. ಕೊನೆಯಲ್ಲಿ ಹೋನಿಂಗ್ ಮಾಡಿದಾಗ, ಅಂದರೆ ಕಲ್ಲಿನಿಂದ ಒಳಗೋಡೆ ಉಜ್ಜಿದಾಗ, ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು ಬೀಳುತ್ತವೆ. ಅವು ದೋಷವಲ್ಲ. ಆಯಿಲ್ ನಿಲ್ಲಲು ಬೇಕಾದ ಕಾಲುವೆಗಳು. ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುವುದೂ ಆ ಗೀರುಗಳ ಮೇಲೆ ಉಜ್ಜಿಯೇ.

ಇಲ್ಲಿ ನಮ್ಮದೊಂದು ಪೇಚಾಟ. ಬ್ಲಾಕ್ ತೊಳೆದು ಕೊಟ್ಟಿದ್ದೇವೆ ಎಂದು ಶಾಪಿನವರು ಹೇಳಿದ್ದರು, ನೋಡಲು ಹೊಳೆಯುತ್ತಿತ್ತು. ಗೆಳೆಯ ನಂಬಿದ. ನಾನು ಸುಮ್ನೆ ಇರಲಾರದೆ ಆಯಿಲ್ ಓಡುವ ಉದ್ದ ತೂತಿನ ತುದಿಯ ಪ್ಲಗ್ ಬಿಚ್ಚಿಸಿ ಬಾಟಲಿ ತೊಳೆಯುವ ಬ್ರಷ್ ತೂರಿಸಿದೆ. ಬೂದು ಬಣ್ಣದ ಕೆಸರು, ಅದರಲ್ಲಿ ಮಿನುಗುವ ಕಬ್ಬಿಣದ ಪುಡಿ. ಇಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಅದು ಹೊಸ ಬೇರಿಂಗ್‌ಗೆ ಹೋಗುತ್ತಿತ್ತು. 0.03, 0.04 ಮಿ.ಮೀ. ಸಂದಿಗೆ ಅಂಥ ಪುಡಿ ಹೋದರೆ ಕಣ್ಣಿಗೆ ಮರಳು ಬಿದ್ದ ಹಾಗೆ. ಆವತ್ತು ಇಡೀ ಮಧ್ಯಾಹ್ನ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್. ಪೆಟ್ರೋಲ್ ಎಣ್ಣೆ ಜಿಡ್ಡು ತೆಗೆಯುತ್ತದೆ, ಹೋನಿಂಗ್ ಕಲ್ಲಿನ ಪುಡಿಯನ್ನು ಎತ್ತುವುದು ಸೋಪಿನ ನೀರೇ. ಬಿಳಿ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿದಾಗ ಬಟ್ಟೆ ಬಿಳಿಯಾಗೇ ಇರುವವರೆಗೆ ತೊಳೆಯಬೇಕು. ಒಣಗಿಸಿದ ತಕ್ಷಣ ಆಯಿಲ್ ಸವರಬೇಕು, ಬರಿ ಕಬ್ಬಿಣ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಹೆಡ್ಡಿನ ಕಥೆ

ಹೆಡ್ಡಿನಲ್ಲಿ ಒಂದು ವಿಶೇಷ ತೊಂದರೆ ಇದೆ, ಅದು ನಮ್ಮ ಹಳೇ ಅಂಬಾಸಿಡರ್‌ಗಳಿಗೂ ಬಂದದ್ದೇ. ಈ ಇಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲ್‌ ಕಾಲದವು. ವಾಲ್ವ್ ಬಂದು ಕೂರುವ ಸೀಟನ್ನು ಹೆಡ್ಡಿನ ಮೆದು ಕಬ್ಬಿಣದಲ್ಲೇ ಕಡೆದಿದ್ದರು. ಪೆಟ್ರೋಲ್‌ನ ಸೀಸ ಉರಿದು ಆ ಸೀಟಿನ ಮೇಲೆ ತೆಳು ಪದರವಾಗಿ ಕೂತು ಕಾಪಾಡುತ್ತಿತ್ತು. ಬ್ರಿಟನ್‌ನಲ್ಲಿ 1999ರ ಕೊನೆಗೆ ಸಾಮಾನ್ಯ ಬಂಕ್‌ಗಳಿಂದ ಸೀಸದ ಪೆಟ್ರೋಲ್ ಹೋಯಿತು. ನಮ್ಮಲ್ಲಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಗಾಳಿಗೆ, ಮಕ್ಕಳ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು, ಹಳೇ ಹೆಡ್ಡುಗಳಿಗೆ ಆಗಲಿಲ್ಲ. ಮೆತ್ತೆ ಇಲ್ಲದೆ ಬಡಿದು ಬಡಿದು, ಉರಿದ ಗ್ಯಾಸ್ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸೀಟಿನೊಳಗೆ ಹೂತುಹೋಗುತ್ತದೆ. ಹೂತಷ್ಟೂ ಅದರ ಕಾಂಡ ಮೇಲೆ ಬರುತ್ತದೆ, ರಾಕರ್‌ಗೂ ಅದಕ್ಕೂ ನಡುವಿನ ಸಂದು ಮುಚ್ಚುತ್ತಾ ಹೋಗುತ್ತದೆ. ಪ್ರತಿ ಸಲ ಟ್ಯಾಪೆಟ್ (ಗ್ಯಾರೇಜಿನಲ್ಲಿ ಈ ಸಂದಿಗೂ ಅದೇ ಹೆಸರು) ನೋಡಿದಾಗಲೂ ಸಂದು ಕಡಿಮೆಯಾಗಿದ್ದರೆ ಇದೇ ರೋಗ.

ಹೆಡ್ ಹೇಗೂ ಕೈಯಲ್ಲಿದ್ದಾಗ ಗಟ್ಟಿ ಉಕ್ಕಿನ ಸೀಟ್ ರಿಂಗುಗಳನ್ನು ಹಾಕಿಸಿಬಿಡಿ. ವಾಲ್ವ್ ಲ್ಯಾಪಿಂಗ್, ಅಂದರೆ ವಾಲ್ವನ್ನು ಸೀಟಿಗೆ ಉಜ್ಜಿ ಹೊಂದಿಸುವುದು, ಮನೆಯಲ್ಲೇ ಮಾಡಬಹುದು. ಪೇಸ್ಟ್ ಸವರಿ, ರಬ್ಬರ್ ಕಪ್ಪಿರುವ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ ತಿರುಗಿಸುವುದು. ಸುತ್ತಲೂ ಒಂದೇ ಸಮನೆ ಬೂದು ಉಂಗುರ ಮೂಡಬೇಕು. ಆಮೇಲೆ ವಾಲ್ವ್ ಕೂರಿಸಿ, ಹೆಡ್ಡನ್ನು ಅಂಗಾತ ಇಟ್ಟು, ಚೇಂಬರ್‌ಗೆ ಸೀಮೆಎಣ್ಣೆ ತುಂಬಿ ಬಿಡಿ. ಪೋರ್ಟಿನ (ವಾಲ್ವ್ ಹಿಂದಿನ ಗ್ಯಾಸ್ ದಾರಿಯ) ಕಡೆ ಒಸರದಿದ್ದರೆ ಸರಿ.

ಜೋಡಿಸುವಾಗ

ಜೋಡಿಸುವ ದಿನ ಗ್ಯಾರೇಜು ಗುಡಿಸಬೇಡಿ, ಹಿಂದಿನ ದಿನವೇ ಗುಡಿಸಿ. ಧೂಳು ಕೂರಲಿ.

ಶೆಲ್ ಹಾಕಿ ಕ್ರ್ಯಾಂಕ್ ಇಳಿಸಿದ ಮೇಲೆ ಸಂದು ಎಷ್ಟಿದೆ ಎಂದು ನೋಡಲು ಪ್ಲಾಸ್ಟಿಗೇಜ್ ಎಂಬ ಸಣ್ಣ ಮೇಣದ ದಾರ ಸಿಗುತ್ತದೆ. ಅದರ ತುಂಡನ್ನು ಒಣಗಿದ ಜರ್ನಲ್ ಮೇಲೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಟೈಟ್ ಮಾಡಿ, ಮತ್ತೆ ಬಿಚ್ಚಿ. ಚಪ್ಪಟೆಯಾದ ದಾರದ ಅಗಲವನ್ನು ಪ್ಯಾಕೆಟ್ ಮೇಲಿನ ಪಟ್ಟಿಯ ಜೊತೆ ಹೋಲಿಸಿದರೆ ಸಂದು ಗೊತ್ತಾಗುತ್ತದೆ. ಸಂದು ಕಡಿಮೆ ಇದ್ದಷ್ಟೂ ದಾರ ಅಗಲ. ಕ್ರ್ಯಾಂಕ್ ತಿರುಗಿಸಬಾರದು, ತಿರುಗಿಸಿದರೆ ದಾರ ಮೆತ್ತಿಹೋಗುತ್ತದೆ. ನಮಗೆ ಐದು ಮೇನ್‌ಗಳಲ್ಲೂ ಒಂದೂವರೆ, ಎರಡು ಥೌ ಬಂತು. ಗೆಳೆಯನ ಮುಖದಲ್ಲಿ ಮೊದಲ ಸಲ ನಗು ನೋಡಿದ್ದು ಆವತ್ತೇ.

ರಿಂಗುಗಳನ್ನು ಪಿಸ್ಟನ್‌ಗೆ ಹಾಕುವ ಮೊದಲು ಒಂದೊಂದನ್ನೂ ಬರಿ ಸಿಲಿಂಡರ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ನೆಟ್ಟಗೆ ತಳ್ಳಿ, ತುದಿಗಳ ಸಂದಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಪಟ್ಟಿ) ತೂರಿಸಿ ನೋಡಬೇಕು. ಮೊದಲ ರಿಂಗಿಗೆ ಬೋರಿನ (ಸಿಲಿಂಡರ್ ಅಗಲದ) ಪ್ರತಿ ಇಂಚಿಗೆ ನಾಲ್ಕು ಥೌ ಎಂಬುದು ಹಳೆಯ ಲೆಕ್ಕ. ಇಲ್ಲಿ ಬೋರ್ ಮೂರು ಇಂಚು ಚಿಲ್ಲರೆ, ಹಾಗಾಗಿ 12ರಿಂದ 13 ಥೌಗೆ ಕಡಿಮೆ ಬೇಡ. ಕಡಿಮೆ ಇದ್ದರೆ ಸಣ್ಣ ಅರದಿಂದ ತುದಿ ಉಜ್ಜಿ. ಸ್ವಲ್ಪ ಜಾಸ್ತಿ ಇದ್ದರೆ ಒಂಚೂರು ಗ್ಯಾಸ್ ಸೋರುತ್ತದೆ, ಅಷ್ಟೇ. ಕಡಿಮೆ ಇದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಡಿಕ್ಕಿ ಹೊಡೆದು ಸಿಲಿಂಡರನ್ನೇ ಗೀರಿ ಹಾಕುತ್ತದೆ. ಎರಡು ತಪ್ಪಲ್ಲಿ ಯಾವ ಕಡೆ ವಾಲಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಟಾರ್ಕ್, ಅಂದರೆ ಬೋಲ್ಟ್ ತಿರುಗಿಸುವ ಬಲ, ಅದರ ಬಗ್ಗೆ ಎರಡು ಮಾತು. ಬೋಲ್ಟ್ ಎಂದರೆ ಬಹಳ ಗಟ್ಟಿಯಾದ ಸ್ಪ್ರಿಂಗ್. ಟೈಟ್ ಮಾಡಿದಾಗ ಅದು ಒಂದಿಷ್ಟು ಹಿಗ್ಗುತ್ತದೆ, ವಾಪಸ್ ಎಳೆಯುವ ಬಲವೇ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಟಾರ್ಕ್ ರೆಂಚ್ ಆ ಹಿಗ್ಗನ್ನು ನೇರವಾಗಿ ಅಳೆಯುವುದಿಲ್ಲ, ತಿರುಗಿಸಲು ಬೇಕಾದ ಬಲವನ್ನು ಅಳೆಯುತ್ತದೆ. ಥ್ರೆಡ್ಡಿನಲ್ಲಿ ತುಕ್ಕು, ಕಸ ಇದ್ದರೆ ಬಲವೆಲ್ಲ ಉಜ್ಜಾಟಕ್ಕೇ ಹೋಗಿ ಬೋಲ್ಟ್ ಹಿಗ್ಗುವುದೇ ಇಲ್ಲ, ರೆಂಚ್ ಮಾತ್ರ ಟಿಕ್ ಅನ್ನುತ್ತದೆ. ಅದಕ್ಕೇ ಥ್ರೆಡ್ ತೊಳೆದು ಒಂದು ಹನಿ ಆಯಿಲ್ ಹಾಕಿ. ಮೇನ್ ಕ್ಯಾಪ್‌ಗೆ 70 ಪೌಂಡ್-ಅಡಿ, ಹೆಡ್ಡಿನ ನಟ್‌ಗಳಿಗೆ 45ರಿಂದ 50. ಹೆಡ್ ನಡುವಿನಿಂದ ಶುರುಮಾಡಿ ಹೊರಗೆ ಹೋಗುತ್ತಾ, ಎರಡು ಮೂರು ಸುತ್ತಿನಲ್ಲಿ. ಕೈ ಅಳತೆಯಲ್ಲೇ ಟೈಟ್ ಮಾಡುತ್ತಿದ್ದ ನಮ್ಮ ಮೇಸ್ತ್ರಿಯ ಹೆಡ್ ಗ್ಯಾಸ್ಕೆಟ್ ಯಾವತ್ತೂ ಹೋಗುತ್ತಿರಲಿಲ್ಲ ನಿಜ. ಆದರೆ ಅವರ ಕೈಗೆ ಮೂವತ್ತು ವರ್ಷದ ಅಭ್ಯಾಸ ಇತ್ತು, ನಮಗಿಲ್ಲ.

ಒಂಬತ್ತರ ಉಪಾಯ

ಟ್ಯಾಪೆಟ್ ಸೆಟ್ಟಿಂಗ್ ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ. ವಾಲ್ವ್ ಕಾಂಡಕ್ಕೂ ರಾಕರ್‌ಗೂ ನಡುವೆ, ಇಂಜಿನ್ ತಣ್ಣಗಿರುವಾಗ, 15 ಥೌ ಸಂದು ಬಿಡಬೇಕು. 0.38 ಮಿ.ಮೀ. ಯಾಕೆ ಬಿಡಬೇಕು? 10 ಸೆಂಟಿಮೀಟರ್ ಉದ್ದದ ಉಕ್ಕಿನ ಸರಳು 300 ಡಿಗ್ರಿ ಕಾದರೆ ಸುಮಾರು 0.36 ಮಿ.ಮೀ. ಉದ್ದವಾಗುತ್ತದೆ. ಹೆಡ್ಡೂ ಹಿಗ್ಗುತ್ತದೆ, ಆದರೆ ಅದರ ಸುತ್ತ ನೀರು ಓಡುತ್ತಿರುತ್ತದೆ, ಅಷ್ಟು ಕಾಯುವುದಿಲ್ಲ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚಲಾಗದೆ ಉರಿಯುವ ಗ್ಯಾಸ್ ನುಗ್ಗಿ ಸುಟ್ಟುಹೋಗುತ್ತದೆ. ಟಿಕ್ ಟಿಕ್ ಸದ್ದಿನ ಟ್ಯಾಪೆಟ್ ಕಿವಿಗೆ ಹಿಂಸೆ, ಸದ್ದೇ ಇಲ್ಲದ್ದು ವಾಲ್ವ್‌ಗೆ ಹಿಂಸೆ.

ಸಂದು ಅಳೆಯುವಾಗ ಆ ವಾಲ್ವ್ ಪೂರ್ತಿ ಮುಚ್ಚಿರಬೇಕು. ಮುಚ್ಚಿದೆ ಎಂದು ಹೇಗೆ ಗೊತ್ತು? ಮುಂದಿನಿಂದ ಹಿಂದಕ್ಕೆ ಎಂಟು ವಾಲ್ವ್‌ಗಳನ್ನು ಎಣಿಸಿ. ಎಂಟನೇದು ಪೂರ್ತಿ ತೆರೆದು ಕೆಳಗೆ ಹೋದಾಗ ಒಂದನೇದನ್ನು ಸೆಟ್ ಮಾಡಿ. ಏಳು ತೆರೆದಾಗ ಎರಡು. ಆರು ತೆರೆದಾಗ ಮೂರು, ಐದಕ್ಕೆ ನಾಲ್ಕು. ಆಮೇಲೆ ಉಲ್ಟಾ. ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು. ಇದು ಮಂತ್ರವಲ್ಲ. ಇಂಜಿನ್ ಸಿಡಿಯುವ ಕ್ರಮ 1-3-4-2. ಒಂದು ಮತ್ತು ನಾಲ್ಕನೇ ಸಿಲಿಂಡರ್‌ಗಳು ಒಂದೇ ಕೆಲಸವನ್ನು ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಮಾಡುತ್ತವೆ. ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ಹಾಕುವುದರಿಂದ ಅದು ಕ್ಯಾಮ್‌ನಲ್ಲಿ ಅರ್ಧ ಸುತ್ತು. ಹೀಗಾಗಿ ನಾಲ್ಕನೇ ಸಿಲಿಂಡರ್‌ನ ಎಕ್ಸಾಸ್ಟ್ (ಎಂಟನೇ ವಾಲ್ವ್) ಕ್ಯಾಮಿನ ಉಬ್ಬಿನ ಮೇಲೆ ನಿಂತಾಗ, ಒಂದನೇದರ ಎಕ್ಸಾಸ್ಟ್ (ಒಂದನೇ ವಾಲ್ವ್) ಸರಿಯಾಗಿ ತನ್ನ ಉಬ್ಬಿನ ಬೆನ್ನ ಮೇಲೆ, ಪೂರ್ತಿ ಮುಚ್ಚಿ, ಇರುತ್ತದೆ. ಎರಡು ಮತ್ತು ಮೂರರ ಜೋಡಿಯೂ ಹಾಗೇ. ವಾಲ್ವ್‌ಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎರಡೂ ಕಡೆಯಿಂದ ಒಂದೇ ಕ್ರಮದಲ್ಲಿ ಇಟ್ಟಿರುವುದರಿಂದ ಲೆಕ್ಕ ಒಂಬತ್ತಕ್ಕೆ ಬಂದು ಕೂರುತ್ತದೆ. ಫೀಲರ್ ಬ್ಲೇಡ್ ಎಳೆದಾಗ ಸ್ವಲ್ಪ ಹಿಡಿದ ಹಾಗೆ ಆಗಬೇಕು, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ.

ಮೊದಲ ಇಪ್ಪತ್ತು ನಿಮಿಷ

ಸ್ಟಾರ್ಟ್ ಮಾಡುವ ಮೊದಲು ಪ್ಲಗ್‌ಗಳನ್ನು ತೆಗೆದು ಬರಿ ಸ್ಟಾರ್ಟರ್‌ನಿಂದ ತಿರುಗಿಸಿ, ಗೇಜಿನಲ್ಲಿ ಆಯಿಲ್ ಪ್ರೆಶರ್ ಏಳುವವರೆಗೆ. ಅಲ್ಲಿಯವರೆಗೂ ಬೇರಿಂಗ್‌ಗಳನ್ನು ಕಾಯುವುದು ಜೋಡಿಸುವಾಗ ನೀವು ಹಚ್ಚಿದ ಆಯಿಲ್ ಮಾತ್ರ.

ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಹಿಡಿಯಬೇಕು. ನಿಧಾನಕ್ಕೆ ಓಡಿಸುವುದೇ ಕ್ಷೇಮ ಅನಿಸುತ್ತದೆ ಅಲ್ವಾ? ಇಲ್ಲಿ ಅದು ತಪ್ಪು. ಕ್ಯಾಮ್ ಉಬ್ಬು ಟ್ಯಾಪೆಟ್ ಮೇಲೆ ಜಾರುತ್ತದೆ, ಅಲ್ಲಿ ಒತ್ತಡ ಬಹಳ. ಆ ಜಾಗಕ್ಕೆ ಆಯಿಲ್ ಹೋಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ. ನಿಧಾನಕ್ಕೆ ಓಡಿದರೆ ಎರಚುವುದೂ ಕಡಿಮೆ. ಹಳೇ ಥರದ ಈ ಕ್ಯಾಮ್‌ಗೆ ಸತುವಿನ ಅಂಶ ಹೆಚ್ಚಿರುವ 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹಾಕಿ. ಇವತ್ತಿನ ಹೊಸ ಕಾರುಗಳ ತೆಳು ಆಯಿಲ್‌ನಲ್ಲಿ ಆ ಅಂಶ ಕಡಿಮೆ.

ರಿಂಗುಗಳಿಗೂ ಮೊದಮೊದಲು ಸ್ವಲ್ಪ ಕೆಲಸ ಕೊಡಬೇಕು. ಗ್ಯಾಸ್ ಒತ್ತಡವೇ ರಿಂಗನ್ನು ಗೋಡೆಗೆ ಒತ್ತಿ ಕೂರಿಸುವುದು. ಮನೆ ಮುಂದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಹೋನಿಂಗ್ ಗೀರುಗಳು ನುಣುಪಾಗಿ, ರಿಂಗ್ ಕೂರದೆ, ಕೊನೆಗೆ ಆಯಿಲ್ ಕುಡಿಯುವ ಇಂಜಿನ್ ಆಗುತ್ತದೆ. ರಸ್ತೆಗೆ ಒಯ್ದು, ಮಧ್ಯಮ ವೇಗದಲ್ಲಿ ಒಮ್ಮೆ ಒತ್ತಿ ಒಮ್ಮೆ ಬಿಟ್ಟು ಓಡಿಸಿ.

ಮೊದಲ ಆಯಿಲ್ಲನ್ನು ಬೇಗ ಬದಲಾಯಿಸಿ. ಹಳೆ ಫಿಲ್ಟರನ್ನು ಎಸೆಯಬೇಡಿ, ಕತ್ತರಿಸಿ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ನಮ್ಮದರಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಬೂದು ಪುಡಿ ಇತ್ತು, ಅದು ಹೊಸ ರಿಂಗ್‌ ಉಜ್ಜಿದ್ದು. ತಾಮ್ರದ ಬಣ್ಣದ ಚೂರು ಒಂದೂ ಇರಲಿಲ್ಲ. ಗೇಜ್ ಬಿಸಿಯಲ್ಲಿ 60 ತೋರಿಸುತ್ತಿತ್ತು.

ಅದೇ ದಿನ ತಣ್ಣಗಾದ ಮೇಲೆ ಹೆಡ್ಡಿನ ನಟ್‌ಗಳನ್ನು ಮತ್ತೆ ಟಾರ್ಕ್ ಮಾಡಿದೆವು. ಹೊಸ ಗ್ಯಾಸ್ಕೆಟ್ ಬಿಸಿಗೆ ಒಂದಿಷ್ಟು ಕುಗ್ಗಿತ್ತು, ನಟ್‌ಗಳು ಸ್ವಲ್ಪ ಸ್ವಲ್ಪ ತಿರುಗಿದವು. ಹೆಡ್ ಕೆಳಗಿಳಿದರೆ ಅದರ ಮೇಲೆ ಕೂತ ರಾಕರ್ ಕೂಡ ಇಳಿಯುತ್ತದೆ. ಪುಷ್‌ರಾಡ್ ಮಾತ್ರ ಇದ್ದಲ್ಲೇ ಇರುತ್ತದೆ. ಗೆಳೆಯ ಫೀಲರ್ ಗೇಜ್ ತೆಗೆದ. ಎಂಟನೇ ವಾಲ್ವ್ ತೆರೆಯುವವರೆಗೆ ತಿರುಗಿಸಿ ಒಂದನೇದನ್ನು ನೋಡಿದೆವು. ಹದಿನೈದು ಇದ್ದದ್ದು ಹದಿಮೂರಾಗಿತ್ತು.